ಅಪ್ಪನ ಬಾಣಲೆಯಲ್ಲಿ ಪಾಸ್ತಾ

ಸಂಘದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಎರಡು ವಾರದಿಂದ ಬೆನ್ನು ಹತ್ತಿದ್ದಾರೆ. ಕತೆ ಕಟ್ಟಲು ನನಗೆ ಬಾರದು. ಕವನದ ಹತ್ತಿರವಂತೂ ಈವರೆಗೆ ಸುಳಿದಿಲ್ಲ. ಬಿ.ಕಾಂ. ಎರಡನೇ ವರ್ಷದವನಿಗೆ ಗೊತ್ತಿರುವುದು ಎಡಗಡೆ ಡೆಬಿಟ್, ಬಲಗಡೆ ಕ್ರೆಡಿಟ್, ಅಷ್ಟೆ. ಆದ್ದರಿಂದ ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ರಾತ್ರಿ ನಡೆದ ಊಟದ ಲೆಕ್ಕವನ್ನೇ ಒಪ್ಪಿಸುತ್ತೇನೆ. ಊಟ ಅಂದರೆ ಪಾಸ್ತಾ. ನಗಬೇಡಿ.

ನಮ್ಮದು ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಅಮ್ಮ ಈಗ ಒಬ್ಬ ಕೇಟರರ್ ಬಳಿ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕು ಗಂಟೆಗೆ ಹೊರಟರೆ ಬರುವುದು ರಾತ್ರಿ ಒಂಬತ್ತಕ್ಕೆ. ಹೋಗುವ ಮೊದಲು ಅನ್ನ-ಸಾರು ಮಾಡಿಟ್ಟು ಹೋಗುವುದು ವಾಡಿಕೆ. ಅದನ್ನು ಬಿಸಿ ಮಾಡುವುದು ನನ್ನ ಪಾಲಿನ ಅಡುಗೆ. ಆ ದಿನ ಮಾತ್ರ ಯಾವುದೋ ಮದುವೆಯ ಆರ್ಡರ್ ಎಂದು ಎರಡು ಗಂಟೆಗೇ ಓಡಿದಳು. "ಗಂಜಿ ಮಾಡ್ಕೊಳ್ಳಿ" ಅಂದಳು. ಒಂಬತ್ತನೆಯಲ್ಲಿರುವ ನನ್ನ ತಂಗಿ, "ಗಂಜಿಯಾದ್ರೆ ನಂಗೆ ಹಸಿವಿಲ್ಲ, ಅಣ್ಣ. ಪಾಸ್ತಾ ಮಾಡ್ತಿಯಾದ್ರೆ ಹೇಳು" ಎಂದಳು.

ಪಾಸ್ತಾಕ್ಕೂ ನನಗೂ ಒಂದು ಹಳೆಯ ಬಾಕಿ ಇದೆ. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವ ನಾನು. ಕಾಲೇಜಿಗೆ ಸೇರಿದ ಹೊಸತರಲ್ಲಿ ಕ್ಯಾಂಟೀನಿನ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ 'ಪೆನ್ನೆ' ಎಂಬುದನ್ನು ನನಗೆ ತೋಚಿದ ಹಾಗೆ ಓದಿ, "ಒಂದು ಪೆನ್ ಪಾಸ್ತಾ" ಎಂದು ಕೇಳಿದೆ. ಹಿಂದೆ ಸಾಲಿನಲ್ಲಿ ನಿಂತವರು ನಕ್ಕ ನಗು ಆ ಟರ್ಮ್ ಮುಗಿಯುವವರೆಗೂ ಕಿವಿಯಲ್ಲಿತ್ತು. ಆಮೇಲೆ ತಿಳಿಯಿತು: ಇಟಾಲಿಯನ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಲೇಖನಿಗಳು ಎಂದು. ತುದಿಯನ್ನು ಓರೆಯಾಗಿ ಸೀಳಿದ ಗರಿಯ ಲೇಖನಿಯ ಹಾಗೆ ಕಾಣುವುದರಿಂದ ಆ ಹೆಸರು. ಅಂದರೆ ಅಷ್ಟು ಜನರಲ್ಲಿ ಸರಿಯಾಗಿ ಓದಿದವ ನಾನೊಬ್ಬನೇ! ಆದರೆ ನಕ್ಕವರನ್ನು ಈಗ ಎಲ್ಲಿ ಹುಡುಕಿ ಹೇಳಲಿ.

ಇರಲಿ. ಕಿರಾಣಿ ಅಂಗಡಿಯಿಂದ ಅರ್ಧ ಕಿಲೋ ಬಿಡಿ ಪಾಸ್ತಾ, ಅಮೂಲ್ ಚೀಸಿನ ನಾಲ್ಕು ಕ್ಯೂಬು, ಟೊಮೆಟೊ, ಒಂದು ಡೊಣ್ಣೆ ಮೆಣಸು ತಂದೆ. ಬೇಯಿಸುವುದು ಯಾವುದರಲ್ಲಿ? ಕುಕ್ಕರಿನಲ್ಲಿ ಹಾಕಿದರೆ ಮುದ್ದೆಯಾಗುತ್ತದೆ ಎಂದು ತಂಗಿ. ದೊಡ್ಡ ಪಾತ್ರೆಯಲ್ಲಿ ಅಮ್ಮ ಇಡ್ಲಿ ಹಿಟ್ಟು ರುಬ್ಬಿಟ್ಟಿದ್ದಳು. ಉಳಿದದ್ದು ಅಟ್ಟದ ಮೇಲಿನ ಬಾಣಲೆ.

ಆ ಬಾಣಲೆಯ ವಿಷಯ ಸ್ವಲ್ಪ ಹೇಳಬೇಕು. ಅಪ್ಪ 1988ರಲ್ಲಿ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದಾಗ ಹದಿನಾಲ್ಕರ ಹುಡುಗ. ಕೊಂಕಣ ರೈಲು ಆಗ ಇರಲಿಲ್ಲ, ಬಸ್ಸಿನಲ್ಲಿ ವಾಂತಿ ಮಾಡುತ್ತಾ ಬಂದರಂತೆ. ಮೊದಲು ಟೇಬಲ್ ಒರೆಸಿದರು, ಆಮೇಲೆ ಸಪ್ಲೈಯರ್ ಆದರು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಹತ್ತನೆಯ ಬಾಗಿಲಲ್ಲಿ ನಿಂತರು. ಕೊನೆಗೆ ಒಂದು ಉಡುಪಿ ಹೊಟೇಲಿನ ದೋಸೆ ಕಾವಲಿಯ ಮುಂದೆ ನಿಂತವರು ಇಪ್ಪತ್ತಮೂರು ವರ್ಷ ಅಲ್ಲಿಂದ ಕದಲಲಿಲ್ಲ. 2023ರಲ್ಲಿ ಆ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು, ಹೊಟೇಲು ಮುಚ್ಚಿತು. ಪಾತ್ರೆಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕುವಾಗ ಅಪ್ಪ ಒಂದು ಬಾಣಲೆಯನ್ನು ಮಾತ್ರ ಕೇಳಿ ತಂದರು. ದಪ್ಪ ಕಬ್ಬಿಣದ್ದು, ಅಗಲ ತಳ, ಎರಡು ಕಿವಿ. ದೋಸೆಗೆ ಬಟಾಟೆ ಪಲ್ಯ ಮಾಡುತ್ತಿದ್ದ ಬಾಣಲೆ. ಒಳಗೆ ಕನ್ನಡಿಯ ಹಾಗೆ ಮುಖ ಕಾಣುವಷ್ಟು ಕಪ್ಪು ಹೊಳಪು.

ಅದನ್ನು ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲಿಲ್ಲ. ಬೇರೆ ಹೊಟೇಲುಗಳಲ್ಲಿ ಕೆಲಸ ಕೇಳಿದರು. ವಯಸ್ಸು ಎಷ್ಟು ಎಂದು ಕೇಳಿ ಮತ್ತೆ ಬನ್ನಿ ಎಂದರು. ಅಂದಿನಿಂದ ಅಪ್ಪ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಒಂದು ಲೋಟ ಚಾ ಕೂಡ ತಾವಾಗಿ ಮಾಡಿಕೊಂಡದ್ದಿಲ್ಲ. ಅಮ್ಮ ಒಮ್ಮೆ ಬೇಸರದಿಂದ, ನಾನು ಊರ ಮನೆಗೆಲ್ಲ ಬೇಯಿಸಿ ಬರುತ್ತೇನೆ, ನೀವು ಮನೆಗಾದರೂ ಬೇಯಿಸಬಾರದೇ ಎಂದಳು. ಅಪ್ಪ ಹೇಳಿದ್ದು ಇಷ್ಟೇ: "ಸೌಟು ಹಿಡ್ದ್ ಹೊಟ್ಟೆ ಹೊರ್ದವ ನಾನ್. ಸುಮ್ನೆ ಹಿಡೂಕ್ ನಂಗ್ ಬತ್ತಿಲ್ಲ." ಆ ಮೇಲೆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ.

ಕೇಳಿದರೆ ಬೇಡವೆನ್ನುತ್ತಾರೆ ಎಂದು ಕೇಳದೆಯೇ ಬಾಣಲೆ ಇಳಿಸಿದೆ. ಅಪ್ಪ ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದು ಮಂಚದ ಮೇಲಿದ್ದರು. ನೋಡಿರಲಿಕ್ಕೇ ಬೇಕು. ನಮ್ಮ ಮನೆಯಲ್ಲಿ ನೋಡದೆ ಇರುವಷ್ಟು ಜಾಗವಿಲ್ಲ.

ಒಂದೇ ಬಾಣಲೆಯಲ್ಲಿ ಮಾಡುವ ವಿಧಾನ ಬಹಳ ಸುಲಭ. ಹಾಸ್ಟೆಲಿನವರು ಗಮನಿಸಬಹುದು. ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಡೊಣ್ಣೆ ಮೆಣಸು ಹಾಕಿ, ಟೊಮೆಟೊ ಹೆಚ್ಚಿ ಹಾಕಿ, ಅದು ಕರಗಿದ ಮೇಲೆ ಕಾಲು ಕಿಲೋ ಹಸಿ ಪಾಸ್ತಾವನ್ನೇ ಸುರಿಯುವುದು. ಮೂರು ಲೋಟ ನೀರು, ಉಪ್ಪು, ಮೆಣಸಿನ ಪುಡಿ. ಮುಚ್ಚಿಟ್ಟು ಆಗಾಗ ಮಗುಚಬೇಕು. ನೀರು ಬಸಿಯಬಾರದು. ಪಾಸ್ತಾ ಗೋಧಿಯ ರವೆಯದ್ದಲ್ಲವೇ, ಅದರ ಗಂಜಿಯೇ ನೀರಿಗೆ ಬಿಟ್ಟುಕೊಂಡು ಗೊಜ್ಜಿನ ಹಾಗೆ ದಪ್ಪವಾಗುತ್ತದೆ. ಗಂಜಿ ಬೇಡವೆಂದವಳಿಗೆ ಕೊನೆಗೂ ಗಂಜಿಯನ್ನೇ ಉಣಿಸಿದೆ ಅನ್ನಿ. ಕೊನೆಯಲ್ಲಿ ಹಾಲು, ಚೀಸು. ಹೆಚ್ಚೆಂದರೆ ಅರ್ಧ ಗಂಟೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ತಂಗಿ ಹಾಲಿನ ಲೋಟ ಎತ್ತಿದಳು. ಮಂಚದ ಕಡೆಯಿಂದ ಸ್ವರ ಬಂತು: "ಬೆಂಕಿ ಸಣ್ಣ ಮಾಡ್. ಹುಳಿ ಕುದಿವಾಗ ಹಾಲ್ ಹಾಕಿರೆ ಒಡಿತ್ತ್."

ಪೇಪರು ಮುಖದ ಮುಂದೆಯೇ ಇತ್ತು. ಬೆಂಕಿ ಸಣ್ಣ ಮಾಡಿದೆ. ಹಾಲು ಒಡೆಯಲಿಲ್ಲ. ಸ್ಟವ್ ಆರಿಸಿ ಚೀಸ್ ತುರಿದು ಹಾಕಿದೆವು, ಅದೂ ಬೆಣ್ಣೆಯ ಹಾಗೆ ಕರಗಿತು. ಆದರೆ ಬಣ್ಣ? ಹೊಟೇಲಿನ ಪಾಸ್ತಾದ ಹಾಗೆ ಕೆಂಪಾಗಿರಬೇಕಾದದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ರುಚಿ ನೋಡಿದರೆ ನಾಲಗೆಯ ಮೇಲೆ ಮೊಳೆ ಇಟ್ಟ ಹಾಗೆ. ಸೌಟು ಎಳೆದಲ್ಲೆಲ್ಲ ಬಾಣಲೆಯ ಹೊಳಪು ಹೋಗಿ ಬಿಳಿಚಿಕೊಂಡಿತ್ತು. ಇಪ್ಪತ್ತಮೂರು ವರ್ಷದ ಎಣ್ಣೆ ಕುಡಿದು ಬಂದ ಹೊಳಪನ್ನು ನಾನು ಅರ್ಧ ಗಂಟೆಯಲ್ಲಿ ನಾಲ್ಕು ಟೊಮೆಟೊ ಹಾಕಿ ತೊಳೆದಿದ್ದೆ.

ಅಮ್ಮ ಬರುವ ತನಕ ಕಾಯದೆ ಮೂವರೂ ಕೂತೆವು. ಅಪ್ಪನಿಗೆ ಬಡಿಸಿದೆ. ಅವರಿಗೆ ಚೀಸ್ ಕಂಡರಾಗದು; ಚೀಸ್ ದೋಸೆ ಆರ್ಡರ್ ಬಂದ ದಿನವೆಲ್ಲ ಕಾವಲಿಗೆ ಹಿಡಿಯುತ್ತದೆ ಎಂದು ಮನೆಗೆ ಬಂದು ಬೈದುಕೊಳ್ಳುತ್ತಿದ್ದರು. ಒಂದು ಚಮಚ ಬಾಯಿಗಿಟ್ಟು ಅಡುಗೆಮನೆಯ ಕಡೆ ನೋಡಿದರು.

"ಕಬ್ಬುಣದ ಬಾಣಲೆಯಲ್ಲಿ ಹುಳಿ ಬೇಯ್ಸೂಕಾಗ" ಎಂದರು. ಬೈಗುಳದ ಸ್ವರವಲ್ಲ, ಹೊಸ ಹುಡುಗನಿಗೆ ಹೇಳುವ ಸ್ವರ.

"ಗೊತ್ತಿರ್ಲಿಲ್ಲ ಅಪ್ಪ."

ಬೇರೆ ಮಾತಿಲ್ಲ. ತಟ್ಟೆ ಮಾತ್ರ ಖಾಲಿ ಮಾಡಿದರು. ನಾನು ತಲೆ ತಗ್ಗಿಸಿ ಮನಸ್ಸಿನಲ್ಲೇ ಕಾಸ್ಟಿಂಗ್ ಮಾಡುತ್ತಿದ್ದೆ: ಬೇಯಿಸಿದ ಪಾಸ್ತಾಕ್ಕೆ 35 ರೂಪಾಯಿ, ಚೀಸಿಗೆ 75, ತರಕಾರಿಗೆ 30, ಹಾಲಿಗೆ 15. ಒಟ್ಟು 155. ಅಮ್ಮನನ್ನೂ ಸೇರಿಸಿ ನಾಲ್ಕು ಜನಕ್ಕೆ, ತಲೆಗೆ 39 ರೂಪಾಯಿಯೂ ಬೀಳಲಿಲ್ಲ. ಬಾಣಲೆಯ ಸವಕಳಿಯನ್ನು ಯಾವ ತಲೆಬರಹದ ಕೆಳಗೆ ಬರೆಯುವುದೆಂದು ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಅಮ್ಮ ಒಂಬತ್ತೂವರೆಗೆ ಬಂದು, ಅಷ್ಟು ಹೊತ್ತಿಗೆ ಗಟ್ಟಿಯಾಗಿ ಹೋಗಿದ್ದ ಪಾಸ್ತಾವನ್ನು ನಿಂತೇ ತಿಂದಳು. ಚೆನ್ನಾಗಿದೆ ಎಂದಳು. ದಣಿದವಳಿಗೆ ಏನು ಕೊಟ್ಟರೂ ಚೆನ್ನಾಗಿದೆ ಎನ್ನುತ್ತಾಳೆ.

ಮರುದಿನ ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಕರಕರ ಸದ್ದು. ಎದ್ದು ನೋಡಿದರೆ ಅಪ್ಪ ಕುಕ್ಕರುಗಾಲಲ್ಲಿ ಕೂತು ತೆಂಗಿನ ನಾರಿನಿಂದ, ಉಪ್ಪು ಹಾಕಿ ಬಾಣಲೆ ತಿಕ್ಕುತ್ತಿದ್ದರು. ಒರೆಸಿ ಒಲೆಗಿಟ್ಟರು. ಅದು ಕಾದು ಹೊಗೆಯಾಡುವ ಹೊತ್ತಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸುತ್ತ ಉಜ್ಜಿದರು. ಒಮ್ಮೆ, ಎರಡು ಸಲ, ಮೂರು ಸಲ. ಆ ಕೈಗೆ ಅವಸರವಿರಲಿಲ್ಲ. ಹೊಟೇಲಿನ ವಾಸನೆ ಮನೆ ತುಂಬಿತು. ಚಿಕ್ಕವನಿರುವಾಗ ಅಪ್ಪ ರಾತ್ರಿ ಬಂದು ನನ್ನ ಪಕ್ಕ ಮಲಗುವಾಗ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ.

ತಿರುಗದೆಯೇ ಕೇಳಿದರು: "ಆ ಕೊಳವೆ ಇನ್ನೂ ಇತ್ತಾ?"

"ಕಾಲು ಕಿಲೋ ಇದೆ."

"ನಿನ್ನೆ ಅಮ್ಮ ತಿಂದದ್ ತಣಿದದ್. ಇವತ್ ಒಂಬತ್ತಕ್ಕೆ ಬಿಸಿಬಿಸಿ ಮಾಡುವ. ಹುಳಿ ಬೇರೆ ಪಾತ್ರೆಯಲ್ಲಿ."

ಕಾಲೇಜಿನಿಂದ ಬರುವಾಗ ಟೊಮೆಟೊ ತರಲೇ ಎಂದು ಕೇಳಿದೆ.

"ಬ್ಯಾಡ, ನಾನೇ ತತ್ತೆ. ನೀ ತಂದ ಟೊಮೆಟೊ ಬರೀ ನೀರ್" ಎಂದರು.