ಕೆಂಪುಕಲ್ಲಿನ ಹಳೆಯ ರಾಜಧಾನಿ

ಹುಬ್ಬಳ್ಳಿಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಪಣಜಿಯ ಬಸ್ ನಿಲ್ದಾಣದಲ್ಲಿ ಕಣ್ಣುಜ್ಜುತ್ತಾ ಇಳಿದ ಹೈಸ್ಕೂಲು ಮಕ್ಕಳಿಗೆ ಮೊದಲು ಕಂಡದ್ದು ಸಮುದ್ರವಲ್ಲ, ಸಾಲಾಗಿ ನಿಂತ ಬಸ್ಸುಗಳ ಮೇಲಿನ ಹೆಸರು: ಕದಂಬ. ಗೋವಾದ ಸರ್ಕಾರಿ ಬಸ್ಸಿಗೆ ನಮ್ಮ ಬನವಾಸಿಯವರ ಹೆಸರೇಕೆ ಎಂದು ಒಬ್ಬ ಹುಡುಗಿ ಕೇಳಿಯೇ ಬಿಟ್ಟಳು. ಅವರನ್ನು ಎದುರುಗೊಳ್ಳಲು ಬಂದಿದ್ದ ವಯಸ್ಸಾದ ಗೈಡ್‌ಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿರಲಿಲ್ಲ. ಕದಂಬರ ಒಂದು ಶಾಖೆ ಗೋವಾವನ್ನು ಆಳಿತ್ತು. ಮೊದಲು ಚಂದ್ರಪುರ, ಆಮೇಲೆ ಜುವಾರಿ ನದಿಯ ದಡದ ಗೋಪಕಪಟ್ಟಣ ಅವರ ರಾಜಧಾನಿ. ಆದರೆ ಇಂದು ನೋಡುವುದು ಅದಲ್ಲ, ಮಾಂಡೋವಿ ದಂಡೆಯ ಇನ್ನೊಂದು ರಾಜಧಾನಿ, ಎರಡನ್ನೂ ಕಲಸಿ ಬರೆಯಬೇಡಿ ಎಂದು ಆತ ಎಚ್ಚರಿಸಿದ. ಕಲಸುವುದು ಸುಲಭ. ಒಂದು ಗೋವಾ ವೆಲ್ಹ, ಮತ್ತೊಂದು ವೆಲ್ಹ ಗೋವಾ. ದೊಡ್ಡವರೂ ತಪ್ಪುತ್ತಾರೆ.

ಪಣಜಿಯಿಂದ ಹಳೆ ಗೋವಾಕ್ಕೆ ಹತ್ತು ಕಿಲೋಮೀಟರಿನಷ್ಟು ದಾರಿ. ಮೊದಲ ಮೂರು ಕಿಲೋಮೀಟರ್ ಸಾಗುವುದು ಉಪ್ಪಿನ ಗದ್ದೆ, ಕಾಂಡ್ಲಾ ಗಿಡಗಳ ನಡುವೆ 1633-34ರಲ್ಲಿ ಕಟ್ಟಿದ ಏರಿಯ ಮೇಲೆ. ಕಟ್ಟಿಸಿದ ವೈಸರಾಯ್ ಲಿನ್ಯಾರಿಸ್‌ನ ಕೌಂಟ್. ಇವತ್ತಿಗೂ ವಾಹನ ಓಡುತ್ತಿದೆ.

ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಇಲ್ಲಿ ಎಲಾ ಎಂಬ ಬಂದರು ಪಟ್ಟಣವಿತ್ತು. ಅರಬ್ ಕುದುರೆಗಳು ಇಳಿಯುತ್ತಿದ್ದ ಜಾಗ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಅದನ್ನು ಗೆದ್ದ, ಕೆಲವೇ ತಿಂಗಳಲ್ಲಿ ಕಳೆದುಕೊಂಡ, ನವೆಂಬರ್ 25ರಂದು ಮತ್ತೆ ಗೆದ್ದ. ಆಗ ಊರಿನ ಮುಸಲ್ಮಾನರ ಕಗ್ಗೊಲೆಯಾಯಿತು. ಅವನನ್ನು ಗೋವಾದತ್ತ ತಿರುಗಿಸಿದವರಲ್ಲಿ ಹೊನ್ನಾವರ ಕಡೆಯ ತಿಮ್ಮೋಜ ಪ್ರಮುಖ. ಪಠ್ಯಪುಸ್ತಕಗಳಲ್ಲಿ ಈ ಹೆಸರು ಹುಡುಕಿದರೂ ಸಿಗುವುದು ಅಪರೂಪ. ನೂರು ವರ್ಷ ಕಳೆಯುವಷ್ಟರಲ್ಲಿ ಇದು ಪೂರ್ವದೇಶಗಳ ಪೋರ್ಚುಗೀಸ್ ಸಾಮ್ರಾಜ್ಯಕ್ಕೆಲ್ಲ ರಾಜಧಾನಿಯಾಯಿತು. ಜನಸಂಖ್ಯೆ 2 ಲಕ್ಷ ಮುಟ್ಟಿತ್ತೆಂಬ ಅಂದಾಜುಂಟು. ಗೋವಾ ನೋಡಿದವನು ಲಿಸ್ಬನ್ ನೋಡಬೇಕಾಗಿಲ್ಲ ಎಂಬ ಮಾತು ಹುಟ್ಟಿದ್ದು ಆಗಲೇ.

ಈಗ? ಅಗಲವಾದ ಹುಲ್ಲುಹಾಸು, ತೆಂಗಿನ ಮರ, ಐದಾರು ಭಾರಿ ಇಗರ್ಜಿಗಳು. ಮನೆಗಳೆಲ್ಲಿ, ಅಂಗಡಿಬೀದಿ ಎಲ್ಲಿ ಎಂದು ಮಕ್ಕಳು ಸುತ್ತ ನೋಡಿದರು.

ಬಣ್ಣ ಕಳೆದ ಬೊಮ್ ಜೀಸಸ್

ಎಲ್ಲರೂ ಮೊದಲು ಹೋಗುವುದು ಬೊಮ್ ಜೀಸಸ್ ಬೆಸಿಲಿಕಾಕ್ಕೆ. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠಾಪನೆಗೊಂಡ ಇಗರ್ಜಿ. ಒಳಗೆ ಸಂತ ಫ್ರಾನ್ಸಿಸ್ ಝೇವಿಯರ್‌ರ ದೇಹವಿದೆ. ಅವರು ಗೋವಾಕ್ಕೆ ಬಂದದ್ದು 1542ರಲ್ಲಿ, ತೀರಿಕೊಂಡದ್ದು 1552ರ ಡಿಸೆಂಬರಿನಲ್ಲಿ ಚೀನಾ ತೀರದ ಒಂದು ದ್ವೀಪದಲ್ಲಿ. ಮಲಕ್ಕಾ ದಾರಿಯಾಗಿ ದೇಹ ಇಲ್ಲಿ ತಲುಪಿದ್ದು 1554ರಲ್ಲಿ. ಅದನ್ನಿಟ್ಟ ಬೆಳ್ಳಿಯ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಫ್ಲಾರೆನ್ಸ್ ನಗರದ ಶಿಲ್ಪಿ ಫೊಗಿನಿಯದು, 1698ರಲ್ಲಿ ಕೂಡಿಸಿದ್ದು. ಪೆಟ್ಟಿಗೆ ಎತ್ತರದಲ್ಲಿರುವುದರಿಂದ ದೇಹ ಸರಿಯಾಗಿ ಕಾಣುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. ಕಳೆದ ಬಾರಿ ಇಟ್ಟದ್ದು 2024ರ ನವೆಂಬರಿನಿಂದ 2025ರ ಜನವರಿಯವರೆಗೆ. ಹಿಂದಿನ ಸಾಲಿನ ಹುಡುಗರು ತುದಿಗಾಲಲ್ಲಿ ನಿಂತು ಇಣುಕಿ ನಿರಾಶರಾದರು.

ಆದರೆ ಗೈಡ್ ಅವರನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಹೊರಗಿನ ಗೋಡೆಯ ಬಳಿ. ಪಿಕ್ಚರ್ ಪೋಸ್ಟ್‌ಕಾರ್ಡುಗಳಲ್ಲೆಲ್ಲ ಈ ಇಗರ್ಜಿ ಕೆಂಪಗಿರುತ್ತದೆ. ಕಟ್ಟಿದವರು ಅದನ್ನು ಕೆಂಪಗೆ ಬಿಟ್ಟಿರಲಿಲ್ಲ. ಉಳಿದ ಇಗರ್ಜಿಗಳಂತೆ ಇದಕ್ಕೂ ಸುಣ್ಣದ ಗಾರೆಯಿತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ವಾಸ್ತುಶಿಲ್ಪಿಯೊಬ್ಬರು, ಕಟ್ಟಡ ಇನ್ನಷ್ಟು ಪುರಾತನವಾಗಿ ಕಾಣಲೆಂದು, ಗಾರೆಯನ್ನು ಕೆತ್ತಿಸಿ ತೆಗೆಸಿದರು. ಒಳಗಿನ ಜಂಬಿಟ್ಟಿಗೆ ಕಲ್ಲು ಬಯಲಾಯಿತು.

ಜಂಬಿಟ್ಟಿಗೆ ಎಂದರೆ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ನೆಲದಲ್ಲಿದ್ದಾಗ ಮೆತ್ತಗೆ, ಕತ್ತರಿಸಿ ಗಾಳಿಗಿಟ್ಟರೆ ಗಟ್ಟಿ. ಆದರೆ ಮೈತುಂಬ ತೂತು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ತೂತಿಗಿಳಿದ ನೀರು ಕಲ್ಲಿನೊಳಗಿನ ಜೇಡಿಯನ್ನು ಕರಗಿಸುತ್ತದೆ, ಪಾಚಿ ಬೇರೂರುತ್ತದೆ, ಅಂಚುಗಳು ಉದುರುತ್ತವೆ. ಮುಂಭಾಗದ ಕೆತ್ತನೆಗಳಿಗೆ ವಸಾಯಿಯಿಂದ ತರಿಸಿದ ಕಪ್ಪು ಕಲ್ಲು ಬಳಸಿದ್ದರಿಂದ ಅಲ್ಲಿ ಅಷ್ಟು ಭಯವಿಲ್ಲ. ಪಕ್ಕದ ಗೋಡೆಗಳದ್ದೇ ಚಿಂತೆ. ಮತ್ತೆ ಗಾರೆ ಬಳಿಯಬೇಕೆಂದು 2020ರಲ್ಲಿ ಬೆಸಿಲಿಕಾದ ಮುಖ್ಯಸ್ಥರೇ ಬಹಿರಂಗವಾಗಿ ಕೇಳಿದರು. ಮೂರು ತಲೆಮಾರು ಕೆಂಪು ಗೋಡೆಯನ್ನೇ ನೋಡಿ ಬೆಳೆದಿದೆ, ಬಿಳಿ ಬಳಿದರೆ ಗುರುತೇ ಸಿಗದು ಎನ್ನುವವರೂ ಇದ್ದಾರೆ. ಮಕ್ಕಳಲ್ಲೂ ಎರಡು ಪಂಗಡವಾಯಿತು. ಕೆಂಪೇ ಚೆಂದ ಎಂದವರೇ ಹೆಚ್ಚು. ಅಷ್ಟರಲ್ಲಿ ಒಬ್ಬ ಗೋಡೆಯನ್ನು ಬೆರಳಿನಿಂದ ಮೆಲ್ಲನೆ ಉಜ್ಜಿ, ಅಂಟಿದ ಕೆಂಪು ಪುಡಿಯನ್ನು ಎತ್ತಿ ತೋರಿಸಿದ. ಮೇಷ್ಟ್ರು ಗದರಿದರು. ಗದರಬೇಕಾದ್ದೇ, ಆದರೆ ಚರ್ಚೆ ಅಲ್ಲಿಗೆ ನಿಂತಿತು.

ಒಂದು ಗೋಪುರ, ಒಂದು ಬಾಗಿಲು

ರಸ್ತೆ ದಾಟಿದರೆ ಸೇ ಕೆಥೆಡ್ರಲ್. ಗೋವಾ ಗೆದ್ದದ್ದು ಸಂತ ಕ್ಯಾಥರೀನಳ ಹಬ್ಬದ ದಿನ, ಆದ್ದರಿಂದ ಅವಳ ಹೆಸರಿಗೆ ಅರ್ಪಿತ. 1562ರಲ್ಲಿ ಪಾಯ ಹಾಕಿ ಒಳಗಿನ ಪೀಠಗಳೆಲ್ಲ ಮುಗಿಯುವಾಗ 1652. ಉದ್ದ 250 ಅಡಿ. ಇದ್ದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು. ಅದನ್ನು ಮತ್ತೆ ಕಟ್ಟಲಿಲ್ಲ. ಕಟ್ಟುವ ಶಕ್ತಿ ಆಗ ಊರಿಗೇ ಉಳಿದಿರಲಿಲ್ಲ. ನಿಂತಿರುವ ಗೋಪುರದಲ್ಲಿ ಚಿನ್ನದ ಗಂಟೆಯೆಂದು ಹೆಸರಾದ ದೊಡ್ಡ ಗಂಟೆಯಿದೆ. ಇದೇ ಬಯಲಿನ ಅಂಚಿನಲ್ಲಿ 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷ ಬಿಟ್ಟು, ಜನರ ನಂಬಿಕೆಗಳನ್ನು ವಿಚಾರಣೆಗೆಳೆದು ಶಿಕ್ಷಿಸಿದ ಇನ್‌ಕ್ವಿಸಿಷನ್ ನ್ಯಾಯಸ್ಥಾನ ನಡೆಯಿತು. ಅದರ ಕಟ್ಟಡ ಈಗಿಲ್ಲ. ಇಗರ್ಜಿಗಳ ಚೆಲುವನ್ನು ವರ್ಣಿಸುವವರು ಇದನ್ನು ಬಿಟ್ಟುಬಿಡುವುದುಂಟು. ಈ ಗೈಡ್ ಬಿಡಲಿಲ್ಲ.

ಪಕ್ಕದ ಸಂತ ಫ್ರಾನ್ಸಿಸರ ಇಗರ್ಜಿಯ ಮಠದಲ್ಲಿ 1964ರಲ್ಲಿ ಪುರಾತತ್ವ ಇಲಾಖೆ ವಸ್ತುಸಂಗ್ರಹಾಲಯ ತೆರೆಯಿತು. ವೈಸರಾಯ್‌ಗಳ ಚಿತ್ರಗಳ ಜೊತೆಗೆ ಕದಂಬರ ಕಾಲದ ವೀರಗಲ್ಲುಗಳೂ ಅಲ್ಲಿ ಸೇರಿದವು. ನದಿಯತ್ತ ಇಳಿದರೆ ವೈಸರಾಯ್‌ಗಳ ಕಮಾನು. ವಾಸ್ಕೋ ಡ ಗಾಮನ ಮರಿಮಗ 1597ರಲ್ಲಿ ವೈಸರಾಯ್ ಆಗಿ ಬಂದು ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಹೊಸ ವೈಸರಾಯ್‌ಗಳು ಹಡಗಿಳಿದು ಇದರ ಕೆಳಗಿನಿಂದಲೇ ಊರು ಹೊಗುತ್ತಿದ್ದರು. ಅಲ್ಲೇ ಹತ್ತಿರ, ರೋಮಿನ ಸಂತ ಪೀಟರರ ದೇವಾಲಯದ ಮಾದರಿಯಲ್ಲಿ ಕಟ್ಟಿದ ಸಂತ ಕಜೇತನರ ಇಗರ್ಜಿಯ ಮುಂದೆ, ಒಂಟಿಯಾಗಿ ನಿಂತಿದೆ ಕರಿಕಲ್ಲಿನ ಬಾಗಿಲುವಾಡ. ಹಿಂದೆ ಮುಂದೆ ಗೋಡೆಯಿಲ್ಲ. ಆದಿಲಶಾಹಿ ಅರಮನೆಯಲ್ಲಿ ಉಳಿದದ್ದು ಇಷ್ಟೇ. ಇಗರ್ಜಿಗಳನ್ನು ನೋಡಲು ಬಂದ ಬಸ್ಸುಗಳು ಇದರ ಮುಂದೆ ನಿಲ್ಲುವುದೇ ಕಡಿಮೆ.

ಊರನ್ನು ಕೊಂದದ್ದು ಯಾರು?

ಊಟದ ಹೊತ್ತಿಗೆ ಈ ಪ್ರಶ್ನೆ ಬಂತು. ಶತ್ರುಗಳಲ್ಲ. ಕಾಲರಾ, ಮಲೇರಿಯಾದಂಥ ರೋಗಗಳು ಅಲೆಯಲೆಯಾಗಿ ಬಂದವು. ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಒಂದು ಅದೇ ತೂತಿನ ಜಂಬಿಟ್ಟಿಗೆ ನೆಲ: ಚರಂಡಿಯಿಲ್ಲದ ತುಂಬಿದೂರಿನ ಕೊಳೆ ನೆಲದೊಳಗೆ ಸೋಸಿ ಬಾವಿಗಳನ್ನು ಸೇರುತ್ತಿತ್ತು. ಡಚ್ಚರ ಪೈಪೋಟಿಯಿಂದ ವ್ಯಾಪಾರವೂ ಸೊರಗಿತು. 1695ರಲ್ಲಿ ವೈಸರಾಯ್ ಊರು ಬಿಟ್ಟು ಪಕ್ಕದ ಪಣೆಲಿಗೆ ಹೋದ, 1759ರಲ್ಲಿ ಪಣಜಿಗೆ. 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಹಳೆಯ ಕಟ್ಟಡಗಳ ಕಲ್ಲೂ ಹೊಸ ಊರಿಗೆ ಸಾಗಿತು.

ಮಧ್ಯಾಹ್ನದ ಬಿಸಿಲಲ್ಲಿ ಗುಡ್ಡ ಹತ್ತಲು ಮಕ್ಕಳು ಗೊಣಗಿದರು. ಹತ್ತಿದ ಮೇಲೆ ಯಾರೂ ಗೊಣಗಲಿಲ್ಲ. ಮೇಲೆ ಸಂತ ಅಗಸ್ಟೀನರ ಇಗರ್ಜಿಯ ಅಳಿದುಳಿದ ಗೋಪುರ, 46 ಮೀಟರ್ ಎತ್ತರ. ಇಗರ್ಜಿ ಪೂರ್ಣಗೊಂಡದ್ದು 1602ರಲ್ಲಿ. 1830ರ ದಶಕದಲ್ಲಿ ಸರ್ಕಾರ ಪಾದ್ರಿಗಳ ಪಂಥಗಳನ್ನು ರದ್ದು ಮಾಡಿತು. ಕೇಳುವವರಿಲ್ಲದ ಕಟ್ಟಡದ ಚಾವಣಿ 1842ರಲ್ಲಿ ಕುಸಿಯಿತು, 1931ರಲ್ಲಿ ಮುಂಭಾಗವೂ ಬಿತ್ತು. ಅದರ ಗಂಟೆ ಈಗ ಪಣಜಿಯ ಮುಖ್ಯ ಇಗರ್ಜಿಯಲ್ಲಿದೆ.

ಈ ಅವಶೇಷಗಳಲ್ಲೇ ಒಬ್ಬ ರಾಣಿ ಸಿಕ್ಕಿದಳು. ಜಾರ್ಜಿಯಾ ದೇಶದ ರಾಣಿ ಕೇತೆವಾನ್. ಮತ ಬಿಡಲೊಪ್ಪದ ಅವಳನ್ನು 1624ರಲ್ಲಿ ಪರ್ಷಿಯಾದ ಷಾ ಅಬ್ಬಾಸ್ ಶಿರಾಜ್ ನಗರದಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಅಲ್ಲಿದ್ದ ಅಗಸ್ಟೀನ ಪಂಥದ ಪಾದ್ರಿಗಳು ಅವಳ ಅಸ್ಥಿಯ ಭಾಗವನ್ನು 1627ರಲ್ಲಿ ಇಲ್ಲಿಗೆ ತಂದಿಟ್ಟರು. ಇಟ್ಟ ಜಾಗವನ್ನು ಹಳೆಯ ಪೋರ್ಚುಗೀಸ್ ಬರಹವೊಂದು ಸೂಚಿಸಿತ್ತು. ಅದರ ಜಾಡು ಹಿಡಿದು ಪುರಾತತ್ವ ಇಲಾಖೆ ಅಗೆಸಿದಾಗ ಮೂಳೆಯ ತುಂಡು ಸಿಕ್ಕಿತು. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಡಿಎನ್ಎ ಪರೀಕ್ಷೆ ಮಾಡಿದರು. ಆ ತಾಯಿವಂಶದ ಗುರುತು ಭಾರತೀಯರಲ್ಲಿ ಕಾಣದು, ಜಾರ್ಜಿಯಾದವರಲ್ಲಿ ಉಂಟು. 2021ರ ಜುಲೈಯಲ್ಲಿ ಭಾರತ ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಇತಿಹಾಸ ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಕೇಳುವ ತಂದೆ ತಾಯಿಗಳು ಈ ಗುಡ್ಡವನ್ನು ಒಮ್ಮೆ ಹತ್ತಬೇಕು. ಅಂದು ಜೊತೆಗೆ ಬಂದಿದ್ದ ಪಾಲಕರೊಬ್ಬರು ಅಗೆದ ನೆಲವನ್ನು ಬಗ್ಗಿ ಬಗ್ಗಿ ನೋಡುತ್ತಾ ಎಲ್ಲರಿಗಿಂತ ಹಿಂದೆ ಉಳಿದುಬಿಟ್ಟರು.

ಹೋಗುವವರಿಗೆ ಎರಡು ಮಾತು. ಭುಜ, ಮೊಣಕಾಲು ಮುಚ್ಚುವ ಬಟ್ಟೆಯಿರಲಿ. ಇವು ಇನ್ನೂ ಪೂಜೆ ನಡೆಯುವ ಇಗರ್ಜಿಗಳು. ಗುಡ್ಡದ ಮೇಲೆ ನೆರಳು ಕಡಿಮೆ, ನೀರು ಕೈಯಲ್ಲಿರಲಿ.

ಸಂಜೆ ಬಸ್ಸು ಫೋಂಡಾ ದಾರಿ ಹಿಡಿಯಿತು. ರಸ್ತೆ ಪಕ್ಕದಲ್ಲಿ ಒಂದು ಒಂಟಿ ಕಮಾನು ಕಂಡಿತು. ಸಂತ ಪಾಲರ ಕಾಲೇಜಿನದು. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಬಂದು ಕೂತದ್ದು ಇಲ್ಲಿ. ಹೊರಟದ್ದು ಅಬಿಸೀನಿಯಾಕ್ಕೆ, ಉಳಿದದ್ದು ಗೋವಾದಲ್ಲಿ. ಮುಂದೆ 1640ರಲ್ಲಿ ಗೋವಾದ ರಾಯ್ತೂರಿನಲ್ಲಿ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ ಅಚ್ಚಾಯಿತು. ಆ ಪುಸ್ತಕದಲ್ಲಿ ಕೊಂಕಣಿಗೆ ಕೊಟ್ಟ ಹೆಸರು 'ಕಾನಾರಿಂ'. ಅಂದರೆ ಕನ್ನಡವೇ ಎಂದು ಬೆಳಗಿನ ಅದೇ ಹುಡುಗಿ ಕೇಳಿದಳು. ಪೋರ್ಚುಗೀಸರಿಗೆ ಈ ಕರಾವಳಿಯ ಮಾತೆಲ್ಲ ಒಂದೇ ಆಗಿ ಕೇಳಿಸಿರಬೇಕು ಎಂದು ಗೈಡ್ ನಕ್ಕ. ಫೋಂಡಾ ಬರುವಷ್ಟರಲ್ಲಿ ಅರ್ಧ ಬಸ್ಸು ನಿದ್ದೆಹೋಗಿತ್ತು. ಅವಳು ಮಾತ್ರ ಬಸ್ಸಿನ ಮಂದ ದೀಪದಲ್ಲಿ ಆ ಹೆಸರನ್ನು ಬರೆದುಕೊಳ್ಳುತ್ತಿದ್ದಳು.