ಶಾಲೆಯಿಲ್ಲದ ಮನೆಯ ರಜೆ

ರಜೆಯ ರುಚಿ ತಿಳಿಯಬೇಕಾದರೆ ಮೊದಲು ಶಾಲೆಯ ರುಚಿ ತಿಳಿದಿರಬೇಕು. ಬೆಳಗಿನ ಗಂಟೆ, ಹಾಜರಿ ಪುಸ್ತಕ, ಬರೆಯದೆ ಬಿಟ್ಟ ಲೆಕ್ಕ, ಪರೀಕ್ಷೆಯ ಹಿಂದಿನ ರಾತ್ರಿಯ ತಳಮಳ, ಇವೆಲ್ಲವನ್ನೂ ಉಂಡವನಿಗೇ ಚೈತ್ರಮಾಸದ ರಜೆಯು ಹಬ್ಬದ ಊಟದಂತೆ ಹಿತವಾಗುವುದು. ಹಾಗಾದರೆ ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿಯುವ ಮಕ್ಕಳಿಗೆ ರಜೆಯೆಂದರೇನು? ಅವರಿಗೆ ವರ್ಷವೆಲ್ಲ ರಜೆಯೇ ಎಂದು ನೆರೆಹೊರೆಯವರು ಹೇಳುತ್ತಾರೆ. ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲವೆಂದು ಆ ಮಕ್ಕಳು ಹೇಳುತ್ತಾರೆ. ಎರಡು ಮಾತಿನಲ್ಲಿ ಯಾವುದು ಹೆಚ್ಚು ನಿಜವೆಂಬುದು ಮೈಸೂರಿನ ಒಂದು ಕುಟುಂಬಕ್ಕೆ, ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ, ನಾಲ್ಕು ದಿನಗಳ ಅವಧಿಯಲ್ಲಿ ತಿಳಿದುಬಂದಿತು.

ಆ ಮನೆಯ ಯಜಮಾನರು ಬ್ಯಾಂಕಿನಲ್ಲಿ ಉದ್ಯೋಗದಲ್ಲಿರುವವರು. ಗೃಹಿಣಿಯು ಕೆಲವು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದವರು. ಮಕ್ಕಳಿಬ್ಬರು: 12 ವರ್ಷದ ಮಗಳು, 8 ವರ್ಷದ ಮಗ. ಮಗಳು ಒಂದನೆಯ ತರಗತಿಯಲ್ಲಿದ್ದಾಗ ರಾತ್ರಿ ನಿದ್ದೆಯಲ್ಲಿ ಮಗ್ಗಿಯನ್ನು ಒಪ್ಪಿಸುತ್ತ, ನಡುವೆ ತಪ್ಪಿ, ಅಳುತ್ತ ಎದ್ದು ಕೂರುತ್ತಿದ್ದಳು. ಹೀಗೆ ಒಂದು ವಾರ ನಡೆದ ಮೇಲೆ ತಾಯಿ ಮಗಳನ್ನು ಶಾಲೆಯಿಂದ ಬಿಡಿಸಿದರು. ತಾವೂ ಕಾಲೇಜನ್ನು ಬಿಟ್ಟರು. ತಮ್ಮನಂತೂ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಊಟದ ಮೇಜೇ ಪಾಠಶಾಲೆಯಾಯಿತು. ಅಡುಗೆಮನೆಯ ತಕ್ಕಡಿಯೇ ಪ್ರಯೋಗಶಾಲೆಯಾಯಿತು. ಆರು ವರ್ಷಗಳಲ್ಲಿ ಮಕ್ಕಳಿಬ್ಬರೂ ಚೆನ್ನಾಗಿಯೇ ಕಲಿತರು. ಇದನ್ನು ಬಂಧುಗಳು ಕೂಡ, ಸ್ವಲ್ಪ ತಡಮಾಡಿಯಾದರೂ, ಒಪ್ಪಿಕೊಂಡರು.

ಮನೆಯಲ್ಲಿ ಕಲಿಸುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಐಗಳು ಜಗುಲಿಯ ಮೇಲೆ ಮರಳು ಹರಡಿ ಅಕ್ಷರ ತಿದ್ದಿಸಿದ ಕಾಲ ಬಹಳ ಹಿಂದಿನದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದುದನ್ನೂ ನಾಡು ಬಲ್ಲದು. ಆದರೆ ಈ ದಾರಿಯಲ್ಲಿ ಹೂವಿನಷ್ಟೇ ಮುಳ್ಳೂ ಉಂಟು. ದಕ್ಷಿಣ ಆಫ್ರಿಕದಲ್ಲಿ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಕಲಿಸಲು ಹೊರಟ ಗಾಂಧೀಜಿಯವರು, ಅದಕ್ಕೆ ಬೇಕಾದಷ್ಟು ಹೊತ್ತನ್ನು ಕೊಡಲಾಗಲಿಲ್ಲವೆಂದೂ ಮಕ್ಕಳಿಗೆ ಆ ಬಗ್ಗೆ ಕೊರಗಿದೆಯೆಂದೂ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಕೊಟ್ಟಿತು; ಮನೆಯಲ್ಲಿಯೇ ಕಲಿಯುವವರ ವಿಷಯದಲ್ಲಿ ಅದು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಇಂಥ ಮಕ್ಕಳು 14 ವರ್ಷ ತುಂಬಿದ ಮೇಲೆ, 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ತಾಯಿಯ ಮನಸ್ಸಿನಲ್ಲಿ ಈ ಲೆಕ್ಕವೆಲ್ಲ ಸಿದ್ಧವಾಗಿದ್ದಿತು. ಸಿದ್ಧವಾಗಿಲ್ಲದ ಲೆಕ್ಕ ಒಂದೇ: ಮಗಳ ಮನಸ್ಸಿನದು.

ಪ್ರವಾಸದ ಮಾತನ್ನು ತೆಗೆದವರು ಹಾಸನದ ಗೆಳತಿ. ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಈಗ ಆಕೆ ಒಂದು ಪ್ರೌಢಶಾಲೆಯ ಉಪಾಧ್ಯಾಯಿನಿ. ಆಕೆಯ ಭಾವನವರಿಗೆ, ಎಂದರೆ ಗಂಡನ ಅಣ್ಣನಿಗೆ, ಸಕಲೇಶಪುರದ ಆಚೆ ಕಾಫಿ ತೋಟವಿದೆ. "ಪರೀಕ್ಷೆಗಳು ಮುಗಿದುವು ಕಣೇ. ನಮ್ಮ ಮಕ್ಕಳು ಹಗ್ಗ ಬಿಚ್ಚಿದ ಕರುಗಳಂತಾಗಿವೆ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬಾ, ನಾಲ್ಕು ದಿನ ತೋಟದಲ್ಲಿ ಇದ್ದು ಬರೋಣ," ಎಂದು ಆಕೆ ಕರೆದರು. ತಾಯಿ ಒಪ್ಪಿದರು. ಒಪ್ಪಿ, ಗಂಟು ಕಟ್ಟುವಾಗ, ಎಲ್ಲ ಗಂಟಿಗಿಂತಲೂ ಭಾರವಾದ ಒಂದು ಪುಸ್ತಕದ ಚೀಲವನ್ನು ಕಟ್ಟಿದರು. ಯಜಮಾನರು ಅದನ್ನು ಕಾರಿಗೆ ಎತ್ತಿಡುವಾಗ, "ತೋಟದಲ್ಲಿ ಕಾಫಿ ಕಡಿಮೆಯಾಗಿದೆಯೆಂದು ಬೀಜದ ಮೂಟೆ ಒಯ್ಯುತ್ತಿದ್ದೀಯೇನು?" ಎಂದು ಕೇಳಿದರು. ಉತ್ತರ ಬರಲಿಲ್ಲ.

ಮೈಸೂರಿನಿಂದ ಕೃಷ್ಣರಾಜನಗರವನ್ನು ದಾಟಿ ಹೊಳೆನರಸೀಪುರಕ್ಕೆ ಬಂದಾಗ ಹೇಮಾವತಿ ಕಂಡಿತು. ಪಾಠ ಅಲ್ಲಿಯೇ ಪ್ರಾರಂಭವಾಯಿತು. ಈ ನದಿ ಎಲ್ಲಿ ಹುಟ್ಟುತ್ತದೆ, ಗೊರೂರಿನಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟು ಯಾವುದು, ಎಂದು ಪ್ರಶ್ನೆಗಳು ಒಂದರ ಹಿಂದೊಂದು ಬಂದುವು. ಮಗಳು ತಾಳ್ಮೆಯಿಂದ ಉತ್ತರ ಹೇಳಿದಳು. ಕೊನೆಗೆ, "ಈ ನೀರು ಮುಂದೆ ಎಲ್ಲಿಗೆ ಹೋಗುತ್ತದೆ?" ಎಂದು ಮಗನ ಸರದಿ ಬಂದಿತು. ಅವನು ಕಿಟಕಿಯಿಂದ ತಲೆ ತಿರುಗಿಸದೆ, "ಅಮ್ಮಾ, ಇವತ್ತು ಅದು ಎಲ್ಲಿಗೆ ಬೇಕಾದರೂ ಹೋಗಲಿ ಬಿಡು," ಎಂದನು. ಆ ನೀರು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡಿ ತಮ್ಮ ಮನೆಯ ನಲ್ಲಿಗೇ ಬರುತ್ತದೆಂಬುದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಯಜಮಾನರು ನಕ್ಕರು, ತಾಯಿ ನಗಲಿಲ್ಲ.

ತೋಟದ ಮನೆಯಲ್ಲಿ ಗೆಳತಿಯ ಮಕ್ಕಳು ಮೊದಲೇ ಬಂದು ಕಾದಿದ್ದರು: 13 ವರ್ಷದ ಹುಡುಗ, 10 ವರ್ಷದ ಹುಡುಗಿ. ಅರ್ಧ ಗಂಟೆಯಲ್ಲಿ ನಾಲ್ವರೂ ಒಂದಾದರು. ದೊಡ್ಡವರು ಜಗುಲಿಯಲ್ಲಿ ಕುಳಿತರು. ಅಕ್ಕಿಯ ರೊಟ್ಟಿ, ಕಾಯಿಚಟ್ನಿ, ಲೋಟ ತುಂಬ ಕಾಫಿ ಬಂದುವು. ಮಾತು ಬರುಬರುತ್ತ ಇಬ್ಬರು ಉಪಾಧ್ಯಾಯಿನಿಯರ ಕಸುಬಿಗೆ ತಿರುಗಿತು. "ನನಗೆ ಒಂದು ತರಗತಿಗೆ ಅರವತ್ತು ಮಕ್ಕಳು," ಎಂದರು ಗೆಳತಿ. "ಗಂಟಲು ಒಣಗುತ್ತದೆ, ನಿಜ. ಆದರೆ ಸಂಜೆ ಗಂಟೆ ಹೊಡೆದ ಮೇಲೆ ನಾನು ಮೇಡಂ ಅಲ್ಲ. ನಿನಗೆ ಇಬ್ಬರೇ. ನಿನ್ನ ಶಾಲೆ ಬಿಡುವುದು ಎಷ್ಟು ಹೊತ್ತಿಗೆ?" ಆಕೆ ಅದನ್ನು ಹಾಸ್ಯಕ್ಕೆಂದೇ ಕೇಳಿದುದು. ಕೇಳಿಸಿಕೊಂಡವರಿಗೆ ಮಾತ್ರ ಆ ರಾತ್ರಿ ನಿದ್ದೆ ಬೇಗ ಹತ್ತಲಿಲ್ಲ.

ಮಾರನೆಯ ದಿನ ಎಲ್ಲರೂ ಮಂಜರಾಬಾದಿನ ಕೋಟೆಗೆ ಹೋದರು. ಮಂಗಳೂರಿನ ದಾರಿಯಲ್ಲಿ, ಗುಡ್ಡದ ನೆತ್ತಿಯ ಮೇಲೆ, ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಕೋಟೆ ಅದು. ಫ್ರೆಂಚರ ಮಾದರಿಯಲ್ಲಿ ಎಂಟು ಮೂಲೆಯ ನಕ್ಷತ್ರದಂತೆ ಹಾಕಿದ ಗೋಡೆ. ತಾಯಿಯ ಕೈಚೀಲದಲ್ಲಿ ಕೋನಮಾಪಕವೂ ಒಂದು ಟಿಪ್ಪಣಿ ಪುಸ್ತಕವೂ ಇದ್ದುವು. ಅವನ್ನು ಹೊರಗೆ ತೆಗೆಯುವ ಮೊದಲೇ ಗೆಳತಿ ಆಕೆಯ ತೋಳು ಹಿಡಿದು ನೆರಳಿಗೆ ಕರೆದೊಯ್ದರು. ಮಕ್ಕಳು ಯಜಮಾನರ ಸಂಗಡ ಗೋಡೆಯ ಮೇಲೆ ಸುತ್ತಲು ಹೋದರು.

ಅಲ್ಲಿ ಗಾಳಿ ಜೋರಾಗಿ ಬೀಸಿ, ಗೆಳತಿಯ ಮಗನ ಟೋಪಿ ಗೋಡೆಯಿಂದಾಚೆ ಕೆಳಕ್ಕೆ ಹಾರಿತು. ಅವನು ತಾನು ನಿಂತ ಮೂಲೆಯಿಂದ ಎಷ್ಟು ಬಗ್ಗಿದರೂ ಅದು ಕಾಣಲಿಲ್ಲ. ಆಗ ಪಕ್ಕದ ಮೂಲೆಯಲ್ಲಿ ನಿಂತಿದ್ದ ಹುಡುಗಿ, "ನಿನ್ನ ಗೋಡೆಯ ಬುಡದಲ್ಲೇ ಇದೆ ಕಣೋ! ನನಗೆ ಇಲ್ಲಿಂದ ಚೆನ್ನಾಗಿ ಕಾಣುತ್ತದೆ," ಎಂದು ಕೂಗಿದಳು. ಕೂಗಿದವಳು ಒಂದು ಕ್ಷಣ ಸುಮ್ಮನಾದಳು. ಆಮೇಲೆ ಮತ್ತೊಂದು ಮೂಲೆಗೆ ಓಡಿದಳು, ಅಲ್ಲಿಂದ ನೋಡಿದಳು, ಉಳಿದವರನ್ನೂ ಒಬ್ಬೊಬ್ಬರನ್ನು ಒಂದೊಂದು ಮೂಲೆಯಲ್ಲಿ ನಿಲ್ಲಿಸಿದಳು. ತನ್ನ ಗೋಡೆಯ ಬುಡ ತನಗೆ ಕಾಣದು, ನೆರೆಯವನಿಗೆ ಕಾಣುವುದು. ಆದುದರಿಂದ ವೈರಿಯು ಎಲ್ಲಿ ಬಂದು ಅವಿತರೂ ಯಾವುದೋ ಒಂದು ಮೂಲೆಯ ಕಣ್ಣಿಗೆ ಬೀಳಲೇಬೇಕು. ನಕ್ಷತ್ರದ ಗುಟ್ಟೇ ಇದು. ಈ ಮಾತನ್ನು ಅವಳು ಕೆಳಗಿಳಿದು ಬಂದು, ಏದುಸಿರು ಬಿಡುತ್ತ, ತಾಯಿಗೆ ಹೇಳಿದಳು. ತಾಯಿ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದರು. ಆದರೂ ಮೊದಲ ಬಾರಿ ಕೇಳುವವರಂತೆ ಕೇಳಿದರು.

ಅಂದು ರಾತ್ರಿ ಮಕ್ಕಳು ಜಗುಲಿಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದ್ದರು. ಒಳಗೆ ಕಿಟಕಿಯ ಬಳಿಯಲ್ಲಿದ್ದ ತಾಯಿಗೆ ಅವರ ಪಿಸುಮಾತು ಕೇಳಿಸುತ್ತಿದ್ದಿತು. ಗೆಳತಿಯ ಮಗನು ಶಾಲೆಯ ಕಥೆ ಹೇಳುತ್ತಿದ್ದನು: ಗಣಿತದ ಪರೀಕ್ಷೆಯಲ್ಲಿ ಯಾರೋ ಅತ್ತದ್ದು, ಕೊನೆಯ ದಿನ ಎಲ್ಲರೂ ಒಬ್ಬರ ಅಂಗಿಯ ಮೇಲೆ ಒಬ್ಬರು ಮಸಿ ಚೆಲ್ಲಿದ್ದು, ಅದಕ್ಕಾಗಿ ಬೈಸಿಕೊಂಡದ್ದು. ಅವನ ಕಥೆಯಲ್ಲಿ ಸುಖಕ್ಕಿಂತ ದೂರೇ ಹೆಚ್ಚಾಗಿತ್ತು. ಅವನು ಮುಗಿಸಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: "ಪರೀಕ್ಷೆ ಮುಗಿದ ದಿನ ಹೇಗಿರುತ್ತದೆ?"

"ಹೇಗಿರುತ್ತದೆ ಅಂದರೆ? ಮುಗಿದಿರುತ್ತದೆ, ಅಷ್ಟೇ."

"ನನಗೆ ಯಾವುದೂ ಮುಗಿಯುವುದಿಲ್ಲ," ಎಂದಳು ಹುಡುಗಿ.

ಒಳಗಿದ್ದವರಿಗೆ ಈ ಮಾತು ಗೆಳತಿಯ ಮಾತಿಗೆ ಮಗಳು ಕೊಟ್ಟ ಉತ್ತರದಂತೆ ಕೇಳಿಸಿತು. ಆರು ವರ್ಷದ ಹಿಂದೆ ಇದೇ ಮಗು ನಿದ್ದೆಯಲ್ಲಿ ಅತ್ತುದಕ್ಕೆ ಆಕೆ ಉದ್ಯೋಗವನ್ನೇ ಬಿಟ್ಟಿದ್ದರು. ಈಗ ಮಗು ಎಚ್ಚರವಾಗಿ, ಅಳದೆ, ಹೇಳಿದ ಮಾತಿಗೆ ಏನನ್ನು ಬಿಡಬೇಕೆಂದು ಆಕೆಗೆ ತಿಳಿಯಲಿಲ್ಲ.

ಮೂರನೆಯ ದಿನ ಬೆಳಗ್ಗೆ ಬಾಗಿಲು ತೆರೆದರೆ ತೋಟವೇ ಬದಲಾಗಿದ್ದಿತು. ಹಿಂದಿನ ಸಂಜೆ ಹಸುರಾಗಿದ್ದ ಇಳಿಜಾರು ರಾತ್ರಿ ಕಳೆಯುವಷ್ಟರಲ್ಲಿ ಬೆಳ್ಳಗಾಗಿದ್ದಿತು. ಕೊಂಬೆಯ ಗೆಣ್ಣುಗೆಣ್ಣಿಗೂ ಮಲ್ಲಿಗೆಯಂಥ ಹೂವು. ಗಾಳಿಯ ತುಂಬ ಅದರ ಕಂಪು. ತೋಟದ ತುಂಬ ಜೇನಿನ ಝೇಂಕಾರ. ಯಜಮಾನರೂ ಸೇರಿ ಎಲ್ಲರೂ ಮಾತಿಲ್ಲದೆ ನಿಂತರು. ತೋಟದ ಹಿರಿಯರು ಮಕ್ಕಳನ್ನು ಕರೆದುಕೊಂಡು ಸಾಲುಗಳ ನಡುವೆ ನಡೆದರು. ಎಂಟು ಒಂಬತ್ತು ದಿನದ ಹಿಂದೆ ಹೂಮಳೆ ಬಿದ್ದಿತ್ತು. ಅದರ ಫಲ ಇದು. ಎರಡು ಮೂರು ದಿನದಲ್ಲಿ ಎಲ್ಲ ಕಂದಿಹೋಗುತ್ತದೆ. ಇನ್ನು ಕಾಯಿ ಹಣ್ಣಾಗುವುದು ವರ್ಷದ ಕೊನೆಗೆ.

"ದಿನಾ ನೀರು ಹಾಕಿದ್ದರೆ ಇನ್ನೂ ಮುಂಚೆಯೇ ಅರಳುತ್ತಿರಲಿಲ್ಲವೇ, ದೊಡ್ಡಪ್ಪ?" ಎಂದು ಮೈಸೂರಿನ ಹುಡುಗ ಕೇಳಿದನು. ಎರಡು ದಿನದಲ್ಲಿ ಅವರು ಅವನಿಗೂ ದೊಡ್ಡಪ್ಪನಾಗಿದ್ದರು.

"ಇಲ್ಲ ಮಗು. ಮೊಗ್ಗು ಕಟ್ಟಿದ ಮೇಲೆ ಗಿಡ ಕೆಲವು ವಾರ ಒಣಗಿ ನಿಲ್ಲಬೇಕು. ಆಗ ಬಿದ್ದ ಮಳೆಗೆ ಎಲ್ಲ ಒಟ್ಟಿಗೆ ಅರಳುತ್ತವೆ. ದಿನಾ ನೀರು ಕೊಟ್ಟರೆ ಇವತ್ತು ನಾಲ್ಕು, ನಾಳೆ ನಾಲ್ಕು, ಅಷ್ಟೇ. ಪ್ರೀತಿ ಹೆಚ್ಚಾಯಿತೆಂದು ನೀರು ಹೆಚ್ಚು ಮಾಡಬಾರದು."

ಅವರು ಮುಂದೆ ಎರಡು ಬಗೆಯ ಗಿಡಗಳನ್ನು ತೋರಿಸಿದರು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೊಬಸ್ಟಾಕ್ಕೆ ಹಾಗಾಗದು, ಬೇರೆ ಗಿಡದ ಪರಾಗ ಗಾಳಿಯಲ್ಲಿಯೋ ಜೇನಿನ ಕಾಲಿನಲ್ಲಿಯೋ ಬಂದರೇ ಅದು ಫಲಿಸುವುದು. ಎರಡಕ್ಕೂ ಒಂದೇ ಮಣ್ಣು, ಒಂದೇ ನೆರಳು, ಒಂದೇ ಮಳೆ. ಯಜಮಾನರು ಹೆಂಡತಿಯ ಕಡೆ ತಿರುಗಿ, "ನಮ್ಮ ಮನೆಯಲ್ಲಿ ಎರಡು ತಳಿಯೂ ಇವೆಯೆಂದು ಕಾಣುತ್ತದೆ," ಎಂದರು. ಈ ಸಲ ತಾಯಿ ನಕ್ಕರು. ನಗು ಪೂರ್ತಿಯಾಗುವ ಮೊದಲೇ ಕಣ್ಣು ಒದ್ದೆಯಾಯಿತು.

ಮಧ್ಯಾಹ್ನ ಬೇಲೂರಿಗೆ ಹೋಗುವುದೆಂದು ಮೊದಲೇ ಗೊತ್ತಾಗಿದ್ದಿತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮೇಲೆ ನಾಲ್ಕು ಪುಟದ ಪ್ರಶ್ನೆಗಳು ಸಿದ್ಧವಾಗಿದ್ದುವು. ತಾಯಿಯೇ, "ಬೇಲೂರು ಒಂಬೈನೂರು ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ಈ ಹೂವು ಕಾಯುವುದಿಲ್ಲ," ಎಂದರು. ಮಕ್ಕಳು ಕೇಕೆ ಹಾಕಿಕೊಂಡು ತೋಟದೊಳಕ್ಕೆ ಓಡಿದರು. ಅಂದು ಯಾರೂ ಯಾರನ್ನೂ ಏನನ್ನೂ ಕೇಳಲಿಲ್ಲ.

ಕೇಳಬೇಕಾದುದೊಂದನ್ನು ಮಾತ್ರ ತಾಯಿ ಸಂಜೆ ಕೇಳಿದರು. ತಾಯಿಮಗಳು ಕೆರೆಯ ಏರಿಯ ಮೇಲೆ ಕುಳಿತಿದ್ದರು. "ಶಾಲೆಗೆ ಹೋಗಬೇಕೆಂದು ನಿನಗೆ ಆಸೆಯಿದೆಯೇ?"

ಮಗಳು ಬಹಳ ಹೊತ್ತು ಹುಲ್ಲನ್ನು ಕೀಳುತ್ತಿದ್ದಳು. ಆಮೇಲೆ, "ನೀನು ಪಾಠ ಹೇಳುವುದು ಚೆನ್ನಾಗಿಲ್ಲವೆಂದಲ್ಲ ಅಮ್ಮಾ," ಎಂದಳು. "ಪಾಠ ಮುಗಿದ ಮೇಲೆ ನೀನು ಮತ್ತೆ ಅಮ್ಮ ಆಗುತ್ತೀಯೆಂದು ಕಾಯುತ್ತಿರುತ್ತೇನೆ. ಕೆಲವು ದಿನ ಪಾಠ ಮುಗಿಯುವುದೇ ಇಲ್ಲ."

ತಾಯಿ ಉತ್ತರ ಕೊಡಲಿಲ್ಲ. ಮಗಳ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಕಾಫಿ ಹೂವುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಡಿಸಿದುವನ್ನು ಮತ್ತೆ ಅವಳ ಜಡೆಯಲ್ಲಿಯೇ ಸಿಕ್ಕಿಸಿದರು. ಕತ್ತಲಾಗುವವರೆಗೆ ಇಬ್ಬರೂ ಅಲ್ಲಿಯೇ ಇದ್ದರು.

ಹೊರಡುವ ದಿನ ಗಂಟುಗಳೆಲ್ಲ ಕಾರಿಗೆ ಏರಿದುವು. ಪುಸ್ತಕದ ಚೀಲದ ದಾರವನ್ನು ಯಾರೂ ಬಿಚ್ಚಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಮಾತ್ರ, ಬೇಲೂರಿನ ಪ್ರಶ್ನೆಗಳ ಹಿಂಬದಿಯಲ್ಲಿ, ಮಗಳು ಎಂಟು ಮೂಲೆಯ ನಕ್ಷತ್ರವೊಂದನ್ನು ಬರೆದು, ಮೂಲೆಗೊಂದರಂತೆ ಎಂಟು ಸಣ್ಣ ಮನುಷ್ಯರನ್ನು ನಿಲ್ಲಿಸಿದ್ದಳು. ತಮ್ಮನು ಅದನ್ನು ನೋಡಿ, "ಅಕ್ಕ ಶಾಲೆಗೆ ಹೋದರೆ ಹೋಗಲಿ. ನಾನಂತೂ ಹೋಗುವುದಿಲ್ಲ," ಎಂದು ಸ್ಪಷ್ಟವಾಗಿ ತಿಳಿಸಿದನು. ನಿನ್ನನ್ನು ಯಾರು ಕರೆದರೆಂದು ಅಕ್ಕ ಕೇಳಿದಳು. ಜಗಳ ಶುರುವಾಯಿತು.

ಆ ಗದ್ದಲದ ನಡುವೆ ತಾಯಿ ಗೆಳತಿಯನ್ನು ಸ್ವಲ್ಪ ಪಕ್ಕಕ್ಕೆ ಕರೆದು, ಯಾವುದೋ ಅಡುಗೆಯ ಮಾತನ್ನು ಕೇಳುವವರಂತೆ, ಏಳನೆಯ ತರಗತಿಗೆ ಹೊಸದಾಗಿ ಸೇರುವವರು ಅರ್ಜಿಯನ್ನು ಯಾವಾಗ ಕೊಡಬೇಕು, ಇಷ್ಟು ವರ್ಷ ಮನೆಯಲ್ಲಿದ್ದ ಮಗುವನ್ನು ಕೆಳಗಿನ ತರಗತಿಗೆ ಹಾಕಿಬಿಡುವರೇನು ಎಂದು ವಿಚಾರಿಸಿದರು. ಶಾಲೆಗೆ ಸೇರದೆ ಉಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆಂದು ಶಿಕ್ಷಣದ ಹಕ್ಕಿನ ಕಾಯಿದೆಯ 4ನೆಯ ವಿಧಿ ಹೇಳುತ್ತದೆಂದು ಗೆಳತಿ ತಿಳಿಸಿದರು. ತಿಳಿಸಿ, ಮುಖವನ್ನು ನೋಡಿ, "ಅಳಬೇಡ ಕಣೇ. ಸಂಜೆ ಗಂಟೆ ಹೊಡೆದ ಮೇಲೆ ಮನೆಗೇ ತಾನೆ ಬರುವುದು?" ಎಂದರು.

ಹೊಳೆನರಸೀಪುರದಲ್ಲಿ ಮತ್ತೆ ಹೇಮಾವತಿ ಎದುರಾಯಿತು. ಕಾರಿನೊಳಗೆ ಎಲ್ಲರೂ ಪ್ರಶ್ನೆಗಾಗಿ ಕಾದರು. ಪ್ರಶ್ನೆ ಬರಲಿಲ್ಲ. ಸೇತುವೆಯ ಅರ್ಧ ದಾಟಿದ ಮೇಲೆ ಮಗನೇ ತಡೆಯಲಾರದೆ, "ಈ ನೀರು ನಮ್ಮನೆಗೇ ಬರುತ್ತದೆ, ಅಮ್ಮಾ," ಎಂದನು.

"ಬರಲಿ," ಎಂದರು ತಾಯಿ.