ರೂಡೆಲನ ಪರಾಕ್ರಮ

ಪರಾಕ್ರಮವನ್ನು ಕಂಡರೆ ಮನಸ್ಸು ತಾನಾಗಿಯೇ ಬಾಗುತ್ತದೆ. ಅದು ಯಾರ ಪಕ್ಷದ್ದೆಂದು ವಿಚಾರಿಸುವುದು ಆಮೇಲಿನ ಮಾತು. ಸೋತ ಪಕ್ಷದ ವೀರರಿಗೆ ನಮ್ಮ ಪಂಪನೂ ರನ್ನನೂ ಎಷ್ಟು ಉದಾರವಾಗಿ ಎಡೆಗೊಟ್ಟಿದ್ದಾರೆಂಬುದನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ಕಾವ್ಯಗಳ ರುಚಿಯಲ್ಲಿ ಬೆಳೆದ ನನಗೆ, ಹಾನ್ಸ್ ಉಲ್ರಿಖ್ ರೂಡೆಲನೆಂಬ ಜರ್ಮನ್ ವೈಮಾನಿಕನ ಆತ್ಮಕಥೆಯನ್ನು ಓದುವಾಗ, ಈ ಔದಾರ್ಯಕ್ಕೆ ಮೇರೆಯೆಲ್ಲಿ ಎಂಬ ಪ್ರಶ್ನೆ ಬಹುವಾಗಿ ಕಾಡಿತು.

ರೂಡೆಲನು 1916ರಲ್ಲಿ ಸೈಲೀಸಿಯಾ ಪ್ರಾಂತದಲ್ಲಿ, ಲೂಥರನ ಪಂಥದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದನು. ಮದ್ಯವನ್ನು ಮುಟ್ಟದೆ ಹಾಲು ಕುಡಿಯುತ್ತಿದ್ದ ಈ ತರುಣನ ವಿಷಯದಲ್ಲಿ ಮೇಲಧಿಕಾರಿಗಳಿಗೆ ಮೊದಲು ಅಷ್ಟಾಗಿ ಭರವಸೆಯಿರಲಿಲ್ಲ. 1941ರ ಜೂನ್ ತಿಂಗಳಲ್ಲಿ ಜರ್ಮನಿಯು ರಷ್ಯದ ಮೇಲೆ ಬಿದ್ದಾಗಲೇ ಅವನ ಅದೃಷ್ಟದ ಬಾಗಿಲು ತೆರೆದುದು. ಅವನು ನಡೆಸುತ್ತಿದ್ದುದು ಸ್ಟೂಕಾ ವಿಮಾನ. ಗಿಡುಗನು ಕೋಳಿಮರಿಯ ಮೇಲೆರಗುವಂತೆ ಆಕಾಶದಿಂದ ನೇರವಾಗಿ ಕೆಳಕ್ಕೆರಗಿ, ಬಾಂಬನ್ನು ಬಿಟ್ಟು, ಮತ್ತೆ ಮೇಲಕ್ಕೇಳುವುದು ಅದರ ರೀತಿ. ಅದೇ ವರ್ಷ ಸೆಪ್ಟೆಂಬರ್ 23ರಂದು ಕ್ರೋನ್‌ಸ್ಟಾಟ್ ಬಂದರಿನಲ್ಲಿ ‘ಮರಾಟ್’ ಎಂಬ ರಷ್ಯದ ಮಹಾನೌಕೆಯನ್ನು ಒಡೆದ ಕೀರ್ತಿ ಅವನಿಗೆ ಸಂದಿತು. ನೌಕೆಯ ಮುಂಭಾಗದ ಮದ್ದಿನ ಕೋಠಿ ಸಿಡಿದು ಮುನ್ನೂರಕ್ಕೂ ಮೇಲ್ಪಟ್ಟು ನಾವಿಕರು ಸತ್ತರು. ಆಳವಿಲ್ಲದ ನೀರಿನಲ್ಲಿ ಕುಸಿದು ನಿಂತ ಆ ಹಡಗಿನ ಹಿಂಭಾಗದ ಫಿರಂಗಿಗಳು ಮಾತ್ರ ಆಮೇಲೆ ಮತ್ತೆ ಗರ್ಜಿಸಿದುವು. ಇದನ್ನೂ ಪರಾಕ್ರಮವೆಂದೇ ನಾನು ಎಣಿಸುತ್ತೇನೆ.

1943ರ ಹೊತ್ತಿಗೆ ಸ್ಟೂಕಾ ಹಳೆಯದಾಗಿತ್ತು, ನಿಧಾನವಾಗಿತ್ತು. ಆಗ ಅದರ ರೆಕ್ಕೆಗಳ ಕೆಳಗೆ 37 ಮಿಲಿಮೀಟರಿನ ಎರಡು ಫಿರಂಗಿಗಳನ್ನು ತೂಗುಹಾಕಿದರು. ರೂಡೆಲನು ನೆಲವನ್ನು ಸವರುವಷ್ಟು ಕೆಳಗೆ ಹಾರಿ, ಉಕ್ಕಿನ ಹೊದಿಕೆ ತೆಳುವಾಗಿರುವ ಹಿಂಬದಿಗೆ ಗುರಿಯಿಟ್ಟು, ಟ್ಯಾಂಕುಗಳನ್ನು ಸುಡತೊಡಗಿದನು. 2,530 ಸಲ ಯುದ್ಧಕ್ಕೆ ಹಾರಿದನೆಂದೂ 519 ಟ್ಯಾಂಕುಗಳನ್ನು ಹಾಳುಮಾಡಿದನೆಂದೂ ಲೆಕ್ಕ. ಇದು ಜರ್ಮನರ ಲೆಕ್ಕ. ರಣರಂಗದಲ್ಲಿ ಹೊಗೆಯ ನಡುವೆ ಬರೆದ ಲೆಕ್ಕವನ್ನು ಶೆಟ್ಟರ ಖಾತೆಪುಸ್ತಕದಂತೆ ನಂಬಲಾಗದು. ನನ್ನ ಸೋದರಳಿಯನಾದರೋ ಈ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. “ಮಾವ, ಅರ್ಧವೇ ನಿಜವೆಂದರೂ ಇಂಥವನು ಇನ್ನೊಬ್ಬನಿದ್ದಾನೆಯೆ?” ಎಂದು ಅವನ ಪ್ರಶ್ನೆ.

ನನ್ನ ಮನಸ್ಸನ್ನು ಹಿಡಿದುದು ಅಂಕಿಗಳಲ್ಲ, ದ್ನೀಸ್ಟರ್ ನದಿಯ ಪ್ರಸಂಗ. 1944ರ ಮಾರ್ಚಿ ತಿಂಗಳಲ್ಲಿ ಸಂಗಡಿಗರ ವಿಮಾನವೊಂದು ಶತ್ರುಗಳಿದ್ದ ನೆಲದಲ್ಲಿ ಇಳಿಯಬೇಕಾಯಿತು. ಅವರಿಬ್ಬರನ್ನು ಎತ್ತಿಕೊಂಡು ಬರಲೆಂದು ರೂಡೆಲನೂ ಅಲ್ಲಿಯೇ ಇಳಿದನು. ಅವನ ವಿಮಾನದ ಚಕ್ರಗಳು ಕೆಸರಿನಲ್ಲಿ ಹೂತುಹೋದುವು. ನಾಲ್ವರೂ ಓಡಿ, ಮಂಜಿನಂತೆ ಕೊರೆಯುತ್ತಿದ್ದ ನದಿಗೆ ಧುಮುಕಿದರು. ಸಾವಿರಕ್ಕೂ ಮೇಲ್ಪಟ್ಟು ಸಲ ಅವನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಹಾರಿದ್ದ ಎರ್ವಿನ್ ಹೆಂಚೆಲ್ ಎಂಬ ಬಂದೂಕಿನವನು ಆಚೆಯ ದಡ ಸೇರಲಾರದೆ ಮುಳುಗಿಹೋದನು. ಯಾರನ್ನು ಉಳಿಸಹೋದರೋ ಅವರಿಬ್ಬರೂ ರಷ್ಯನರ ಕೈಗೆ ಸಿಕ್ಕಿದರು. ರೂಡೆಲನೊಬ್ಬನೇ, ಭುಜಕ್ಕೆ ಗುಂಡು ತಗುಲಿ, ಬರಿಗಾಲಿನಲ್ಲಿ ನಡೆದು ತನ್ನ ಸೇನೆಯನ್ನು ಸೇರಿಕೊಂಡನು. ಗೆಳೆಯನ ಪ್ರಾಣಕ್ಕಾಗಿ ತನ್ನ ಪ್ರಾಣವನ್ನು ಪಣವಿಟ್ಟವನನ್ನು ಅಲ್ಪನೆನ್ನಲು ನನ್ನ ನಾಲಗೆ ಏಳದು.

1945ರ ಮೊದಲ ದಿನ ಹಿಟ್ಲರನು ಸ್ವಹಸ್ತದಿಂದ ಅವನಿಗೆ ಚಿನ್ನದ ಓಕ್ ಎಲೆಗಳ ಪದಕವನ್ನಿತ್ತನು. ಹನ್ನೆರಡು ಜನಕ್ಕೆಂದು ನಿಯಮಿಸಿದ್ದ ಆ ಪದಕ ದೊರೆತುದು ಅವನೊಬ್ಬನಿಗೆ ಮಾತ್ರ. ಮರುತಿಂಗಳೇ ಗುಂಡೇಟಿನಿಂದ ಬಲಗಾಲನ್ನು ಮೊಳಕಾಲಿನ ಕೆಳಗೆ ಕಳೆದುಕೊಂಡರೂ, ಯುದ್ಧ ಮುಗಿಯುವ ಮುನ್ನ ಮತ್ತೆ ಹಾರಿದನು.

ಇನ್ನು ಇನ್ನೊಂದು ಮಗ್ಗುಲು. ಮರಾಟ್ ನೌಕೆಯ ಫಿರಂಗಿಗಳು ಕಾಯುತ್ತಿದ್ದುದು ಲೆನಿನ್‌ಗ್ರಾಡ್ ನಗರವನ್ನು. ಆ ನಗರದ ಮುತ್ತಿಗೆ 1944ರ ಜನವರಿಯವರೆಗೆ ನಡೆಯಿತು. ಹಸಿವಿನಿಂದ ಲಕ್ಷಾಂತರ ಜನ ಸತ್ತರು. ರೂಡೆಲನ ಸಾಹಸವು ಬೆಳೆಸಿದುದು ಈ ಕಾರ್ಯವನ್ನು. “ಅವನು ಸಿಪಾಯಿ, ಅಪ್ಪಣೆಯಂತೆ ನಡೆದನು, ಕರ್ಣನೂ ಉಂಡ ಉಪ್ಪಿಗೆ ಕಾದಲಿಲ್ಲವೆ?” ಎಂದು ಅಳಿಯನು ವಾದಿಸಿದನು. ಒಪ್ಪಬಹುದಾಗಿತ್ತು, ಕಥೆ 1945ರಲ್ಲಿ ಮುಗಿದಿದ್ದರೆ. ಕರ್ಣನು ತಾನು ನಿಂತ ಪಕ್ಷವನ್ನು ಅರಿತು, ನೊಂದು, ಸತ್ತನು. ರೂಡೆಲನಿಗೆ ಉಪ್ಪಿಕ್ಕಿದ ಒಡೆಯನು ಸತ್ತ ಮೇಲೂ ಮೂವತ್ತೇಳು ವರ್ಷಗಳ ಆಯುಸ್ಸು ಉಳಿದಿತ್ತು. ಅಪ್ಪಣೆಮಾಡುವವರು ಯಾರೂ ಇರಲಿಲ್ಲ. 1948ರಲ್ಲಿ ಅರ್ಜೆಂಟೀನಕ್ಕೆ ಹೋದನು. ಕೃತಕ ಕಾಲಿನಿಂದ ಆಂಡೀಸ್ ಪರ್ವತದ ಶಿಖರಗಳನ್ನೇರಿದನು. ಅದೇ ಕಾಲದಲ್ಲಿ, ಆಶ್‌ವಿಟ್ಸ್ ಶಿಬಿರದ ವೈದ್ಯ ಮೆಂಗೆಲೆಯಂತಹ ತಲೆಮರೆಸಿಕೊಂಡವರಿಗೆ ನೆರವಾದನು. ಸ್ವದೇಶಕ್ಕೆ ಬಂದು 1953ರಲ್ಲಿ ಉಗ್ರ ರಾಷ್ಟ್ರವಾದಿಗಳ ಪಕ್ಷದ ಪರವಾಗಿ ಚುನಾವಣೆಗೂ ನಿಂತನು. ಹಿಟ್ಲರನ ವಿಷಯದಲ್ಲಿ ಅವನ ಭಕ್ತಿ ಕೊನೆಯವರೆಗೂ ಕುಗ್ಗಲಿಲ್ಲ.

ಜರ್ಮನಿಯ ಹೊಸ ಸರ್ಕಾರಕ್ಕೂ ಅವನು ಬಿಸಿತುಪ್ಪವಾದನು. 1976ರಲ್ಲಿ ಹಳೆಯ ದಳದವರ ಕೂಟವೊಂದಕ್ಕೆ ಅವನು ಬಂದುದನ್ನು ಸಮರ್ಥಿಸಿ ಮಾತನಾಡಿದ ಇಬ್ಬರು ವಾಯುಸೇನಾಪತಿಗಳನ್ನು ಮಂತ್ರಿಯು ಕೆಲಸದಿಂದ ಬಿಡಿಸಿದನು. 1982ರ ಡಿಸೆಂಬರಿನಲ್ಲಿ ರೂಡೆಲನು ತೀರಿಕೊಂಡಾಗ, ಅವನ ಸಮಾಧಿಯ ಬಳಿ ಕೆಲವರು ಕೈ ನೀಡಿ ಹಿಟ್ಲರನ ಕಾಲದ ವಂದನೆಯನ್ನು ಸಲ್ಲಿಸಿದರು. ಆ ವಂದನೆ ಸಂದುದು ಪರಾಕ್ರಮಕ್ಕಲ್ಲವೆಂದು ಅಳಿಯನೂ ಒಪ್ಪಿದನು. ದ್ನೀಸ್ಟರ್ ನದಿಯ ಮಾತನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. ಬಿಡೆಂದು ನಾನೂ ಹೇಳಲಿಲ್ಲ.